ಓಬಳೇಶನ ಸುತ್ತು

ಮಾರಕ್ಕನ ಮನೆಯಲ್ಲಿ ಒಲೆಗೂ ಮಂಚಕ್ಕೂ ನಡುವೆ ಒಂದು ಜೊತೆ ಗಾಲಿಜಾಡು ಹಾದುಹೋಗಿದೆ. ಒಂದೊಂದೂ ಗೇಣು ಆಳ, ಗೇಣು ಅಗಲ. ಪೂರ್ವದ ಗೋಡೆಯನ್ನು ಸೀಳಿಕೊಂಡು ಒಳಗೆ ಬಂದ ಜಾಡು ಪಶ್ಚಿಮದ ಗೋಡೆಯನ್ನು ಸೀಳಿಕೊಂಡು ಹೊರಗೆ ಹೋಗಿ ಇಪ್ಪತ್ತೆರಡು ವರ್ಷವಾಯಿತು. ಅದು ಒಳಗೆ ಬಂದ ದಿನ ಮಾರಕ್ಕ ಮಂಚವನ್ನು ಆಚೆಗೆ ಸರಿಸಿದಳು. ಹೊರಗೆ ಹೋದ ಮೇಲೆ ಗೋಡೆಯ ಎರಡೂ ಸೀಳಿಗೆ ಮಣ್ಣು ಮೆತ್ತಿದಳು. ನೆಲದ ಮೇಲಿನದನ್ನು ಮಾತ್ರ ಮುಚ್ಚಲಾಗಲಿಲ್ಲ. ಎಷ್ಟು ಮಣ್ಣು ತುಂಬಿದರೂ ಮಾರನೆಯ ದಿನ ಅದು ಪಕ್ಕಕ್ಕೆ ಸರಿದು ಒಟ್ಟಾಗಿರುತ್ತಿತ್ತು. ಈಗ ಒಂದು ಜಾಡಿನಲ್ಲಿ ಈರುಳ್ಳಿ, ಇನ್ನೊಂದರಲ್ಲಿ ಆಲೂಗಡ್ಡೆ ಇಡುತ್ತಾಳೆ. ತಂಪಾಗಿರುತ್ತವಂತೆ.

ನಮ್ಮ ಊರಿನ ಪೂರ್ವಕ್ಕೆ ಡಾಂಬರು ಮುಗಿಯುವಲ್ಲಿ ಒಂದು ಗೇಟಿದೆ. ಗೇಟಿನಾಚೆ ಬಯಲು. ಅಲ್ಲಿ ಹದಿನೆಂಟು ಕುರಿಹಟ್ಟಿಗಳಿವೆ, ಎರಡು ಕಲ್ಲುಗಣಿಗಳಿವೆ, ಒಂದು ಶಾಲೆಯಿದೆ. ಕಾರು, ಬೈಕು ಯಾವುದೂ ಅಲ್ಲಿ ಓಡುವುದಿಲ್ಲ, ದಪ್ಪಗಾಲಿಯೇ ಆಗಬೇಕು. ನಾಲ್ಕು ಉಬ್ಬಿದ ಟೈರು, ಕಾಲು ಹರವಿ ಕೂರುವ ಸೀಟು, ಬೈಕಿನಂಥದೇ ಹ್ಯಾಂಡಲ್. ಆ ಬಯಲಿನಲ್ಲಿ ಗಾಲಿಯ ಗುರುತು ಬೆಳೆಯುತ್ತದೆ. ಗಾಡಿ ಎಲ್ಲಿ ನಿಂತಿತೋ ಅಲ್ಲಿಂದ, ಮುಂದಿನ ಗಾಲಿಗಳು ಹೇಗೆ ತಿರುಗಿದ್ದವೋ ಅದೇ ತಿರುವಿನಲ್ಲಿ, ಗಂಟೆಗೆ ಒಂದು ಗೇಣಿನಂತೆ ಮುಂದೆ ಸಾಗುತ್ತದೆ. ನೆಟ್ಟಗೆ ನಿಲ್ಲಿಸಿದ ಗಾಡಿಯ ಜಾಡು ನೆಟ್ಟಗೆ ಹೋಗುತ್ತದೆ. ಕಲ್ಲು, ಗೋಡೆ, ನೀರು ಯಾವುದೂ ಅದನ್ನು ತಡೆಯುವುದಿಲ್ಲ. ತನ್ನದೇ ಹಿಂದಿನ ಗುರುತನ್ನು ತಾನು ಮುಟ್ಟಿದರೆ ಮಾತ್ರ ನಿಲ್ಲುತ್ತದೆ.

ಆದ್ದರಿಂದ ನಮ್ಮವರು ಹಳೆಯ, ಕೂಡಿಕೊಂಡ ಜಾಡುಗಳ ಮೇಲೆಯೇ ಓಡಿಸುತ್ತಾರೆ. ಅವುಗಳ ಮೇಲೆ ಎಷ್ಟು ಓಡಾಡಿದರೂ ಹೊಸದೇನೂ ಹುಟ್ಟುವುದಿಲ್ಲ. ಹಟ್ಟಿಯೊಂದಕ್ಕೆ ಹೋಗಲು ಹಳೆಯ ಜಾಡು ಬಿಟ್ಟು ಇಳಿಯಲೇಬೇಕಾದರೆ, ಬಿಟ್ಟ ಜಾಗದಲ್ಲಿ ಸುಣ್ಣ ಬಳಿದ ಕಲ್ಲೊಂದನ್ನು ಇಟ್ಟು, ಕೆಲಸ ಮುಗಿಸಿ, ಸುತ್ತಿ ಬಂದು, ಅದೇ ಕಲ್ಲಿನ ಬಳಿ ತಮ್ಮ ಗುರುತಿನ ಮೇಲೆಯೇ ಗಾಲಿ ಹತ್ತಿಸುತ್ತಾರೆ. ಇದಕ್ಕೆ ಜಾಡು ಕೂಡಿಸುವುದು ಎನ್ನುತ್ತೇವೆ. ಜಾಡನ್ನು ತೆರೆದ ಗಾಲಿಯೇ ಅದನ್ನು ಕೂಡಿಸಬೇಕು. ಬೇರೆ ಗಾಡಿ ತಂದು ಸುತ್ತು ಹಾಕಿದರೆ ಇನ್ನೊಂದು ಜಾಡು ಹುಟ್ಟುತ್ತದೆ, ಅಷ್ಟೆ. ಮದುವೆಯ ಮಾತುಕತೆಯಲ್ಲಿ ಹುಡುಗನ ಬಗ್ಗೆ ವಿಚಾರಿಸುವಾಗ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ, "ಕೂಡಿಸಿ ಬರ್ತಾನಾ?"

ನಾನು ಭೌತಶಾಸ್ತ್ರ ಓದಿದವಳು. ಈ ಊರಿನ ಜಾಡು ಕಚೇರಿಗೆ ಬಂದ ಮೊದಲ ಎರಡು ವರ್ಷ ಇದೆಲ್ಲ ಏಕೆ ಹೀಗೆ ಎಂದು ಕೇಳುತ್ತಿದ್ದೆ. ಆಮೇಲೆ ಅದನ್ನು ಬಿಟ್ಟು ಎಷ್ಟು, ಎತ್ತ, ಯಾವಾಗ ಎಂದು ಅಳೆಯಲು ಶುರುಮಾಡಿದೆ. ಜನ ನನ್ನನ್ನು ಅಳತೆ ಮೇಡಂ ಎಂದು ಕರೆಯುತ್ತಾರೆ. ನನ್ನ ಹೆಸರು ವಾರಿಜಾ ಎಂಬುದು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ.

ಬಯಲಿಗೆ ಇಳಿಯುವವರಿಗೆ ಹತ್ತು ದಿನದ ತರಬೇತಿ ಕೊಟ್ಟು ಪರವಾನಗಿ ಕೊಡುವುದು ನನ್ನ ಕೆಲಸ. ಹನ್ನೆರಡು ವರ್ಷದ ಹಿಂದೆ ಅದಕ್ಕಾಗಿ ಒಂದು ಕೈಪಿಡಿ ಬರೆದೆ. ಹೆಲ್ಮೆಟ್ಟು, ಕೈಗವಸು, ಹಿಮ್ಮಡಿ ಮುಚ್ಚುವ ಬೂಟು ಇಲ್ಲದೆ ಗೇಟು ದಾಟಬಾರದು. ಒಬ್ಬರ ಸೀಟಿನಲ್ಲಿ ಇಬ್ಬರು ಕೂರಬಾರದು. ಕುಡಿದು ಓಡಿಸಬಾರದು. ಹೊರಡುವ ಮುಂಚೆ ಟೈರಿನ ಗಾಳಿ, ಬ್ರೇಕು ನೋಡಬೇಕು. ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಗೇಟಿನಲ್ಲಿ ಬರೆಸಬೇಕು. ಇವೆಲ್ಲ ಎಲ್ಲ ಕಡೆಯೂ ಇರುವ ನಿಯಮಗಳೇ. ಆರನೆಯದು ಮಾತ್ರ ನಮ್ಮ ಊರಿನದು, ನನ್ನದು. ಬೀಳುವುದು ಖಚಿತವೆನಿಸಿದಾಗ ಹ್ಯಾಂಡಲನ್ನು ಎಡಕ್ಕೆ ಕೊನೆಯವರೆಗೂ ತಿರುಗಿಸಿ.

ಇದಕ್ಕೆ ಕಾರಣವಿತ್ತು. ನಾನು ಹುಟ್ಟುವುದಕ್ಕೂ ಮೊದಲು ಒಬ್ಬ ಸವಾರ ಬಯಲಿನಲ್ಲಿ ಒಂಟಿಯಾಗಿ ಬಿದ್ದು ಸತ್ತ. ಗಾಡಿಯೂ ಚೂರಾಯಿತು. ಅವನ ಜಾಡು ಎತ್ತ ಹೊರಟಿದೆ ಎಂದು ಯಾರೂ ನೋಡಲಿಲ್ಲ. ನೋಡಿದ್ದರೂ ಕೂಡಿಸಲು ಗಾಲಿಯಿರಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಅದು ಕೆರೆಯ ಏರಿಯನ್ನು ಸೀಳಿತು. ಒಂದೇ ವಾರದಲ್ಲಿ ಕೆರೆ ಬತ್ತಿತು. ಬೀಳುವ ಕ್ಷಣದಲ್ಲಿ ಗಾಲಿಗಳು ಪೂರ್ತಿ ತಿರುಗಿದ್ದರೆ ಜಾಡು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಸುತ್ತುತ್ತದೆ ಎಂಬುದು ನನಗೆ ಹೊಳೆದಾಗ ಬಹಳ ಸಂತೋಷವಾಗಿತ್ತು. ಲೆಕ್ಕ ಹಾಕಿದೆ: ಇಪ್ಪತ್ತೆರಡು ಅಡಿ ವ್ಯಾಸದ ಸುತ್ತು, ನಾಲ್ಕು ದಿನದಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಕಾಗದದ ಮೇಲೆ ಅದು ತುಂಬ ಚಂದವಾಗಿ ಕಾಣುತ್ತಿತ್ತು.

ಬೀಳುವಾಗ ಯೋಚಿಸಲು ಸಮಯವಿರುವುದಿಲ್ಲವಾದ್ದರಿಂದ ಕೈಗೆ ರೂಢಿ ಮಾಡಿಸಬೇಕಿತ್ತು. ನಿಂತ ಗಾಡಿಯ ಮೇಲೆ ಕೂರಿಸಿ, ಹಿಂದಿನಿಂದ ಯಾವಾಗಲೋ ಚಪ್ಪಾಳೆ ತಟ್ಟುತ್ತಿದ್ದೆ; ತಟ್ಟಿದೊಡನೆ ಹ್ಯಾಂಡಲ್ ಎಡಕ್ಕೆ. ದಿನಕ್ಕೆ ನೂರು ಸಲ, ಹತ್ತು ದಿನ. ಎಂಟನೆಯ ದಿನದ ಹೊತ್ತಿಗೆ ಬೇರೆ ಮಾತಿನಲ್ಲಿ ಮುಳುಗಿದ್ದರೂ ಕೈ ತಾನೇ ತಿರುಗುತ್ತಿತ್ತು. ಕೆಲವರು ಮನೆಯಲ್ಲಿ ಮಗು ಚಪ್ಪಾಳೆ ತಟ್ಟಿದರೆ ಕೈಯಲ್ಲಿದ್ದ ತಟ್ಟೆಯನ್ನು ಎಡಕ್ಕೆ ತಿರುಗಿಸಿ ಸಾರು ಚೆಲ್ಲಿಕೊಂಡರೆಂದು ಊರಿನಲ್ಲಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಳೆದ ಫೆಬ್ರವರಿಯಲ್ಲಿ ಓಬಳೇಶ ಬಿದ್ದ. ಅವನು ಕುರಿಗಳಿಗೆ ಲಸಿಕೆ ಹಾಕುವವನು. ಇಪ್ಪತ್ತು ವರ್ಷದಿಂದ ಹದಿನೆಂಟು ಹಟ್ಟಿಗಳನ್ನೂ ಸುತ್ತಿದವನು. ಐಸ್ ಪೆಟ್ಟಿಗೆ ಕಟ್ಟಿಕೊಂಡು ಬೋಳುಗುಡ್ಡದ ಮಗ್ಗುಲಿನಲ್ಲಿ ಅಡ್ಡಹಾದು ಹೋಗುತ್ತಿದ್ದಾಗ ಗಾಲಿ ಕಲ್ಲಿಗೆ ತಾಗಿ ಗಾಡಿ ಮಗುಚಿ ಅವನ ಮೇಲೆ ಬಿತ್ತು. ಹೆಲ್ಮೆಟ್ಟಿದ್ದುದರಿಂದ ತಲೆ ಉಳಿಯಿತು. ಸೊಂಟದ ಮೂಳೆ ಮೂರು ಕಡೆ ಮುರಿಯಿತು. ಕುರಿಯವರು ಕಂಬಳಿಯಲ್ಲಿ ಹೊತ್ತು ತಂದರು. ಕೋಲು ಹಿಡಿದು ನಡೆಯಬಹುದು, ಇನ್ನು ಗಾಡಿ ಹತ್ತುವಂತಿಲ್ಲ ಎಂದು ವೈದ್ಯರು ಹೇಳಿದರು.

ಆದರೆ ಬೀಳುವಾಗ ಅವನು ಹ್ಯಾಂಡಲ್ ತಿರುಗಿಸಿದ್ದ. ನಾಲ್ಕನೆಯ ದಿನ ಬೋಳುಗುಡ್ಡದ ಮಗ್ಗುಲಿನಲ್ಲಿ, ನನ್ನ ಕೈಪಿಡಿಯ ಚಿತ್ರದಲ್ಲಿ ಇದ್ದಂತೆಯೇ, ಇಪ್ಪತ್ತೆರಡು ಅಡಿಯ ಸುತ್ತು ಕೂಡಿಕೊಂಡು ನಿಂತಿತು. ಹನ್ನೆರಡು ವರ್ಷದಲ್ಲಿ ನಿಯಮ ನಿಜವಾಗಿ ಕೆಲಸ ಮಾಡಿದ್ದು ಅದೇ ಮೊದಲು. ಊರಿನವರು ಗುಂಪುಗಟ್ಟಿ ಹೋಗಿ ನೋಡಿ ಬಂದರು. ಅದಕ್ಕೆ ಓಬಳೇಶನ ಸುತ್ತು ಎಂಬ ಹೆಸರಾಯಿತು. ಶಾಲೆಯ ಮಕ್ಕಳು ಅದರ ಚಿತ್ರ ಬರೆದು ಅವನ ಹಾಸಿಗೆಯ ಎದುರಿನ ಗೋಡೆಗೆ ಅಂಟಿಸಿದರು. ಪಂಚಾಯಿತಿಯ ಅಧ್ಯಕ್ಷರಾದ ರುದ್ರಮುನಿ ಮಾಸ್ತರರು ಹಾರ ತಂದು, "ನೀನು ಬಿದ್ದೆ, ಊರನ್ನು ಬೀಳಿಸಲಿಲ್ಲ" ಎಂದರು.

ಕೂಡಿಕೊಂಡ ಜಾಡನ್ನು ಅಳೆದು ನಕ್ಷೆಗೆ ಏರಿಸುವುದು ನನ್ನ ಪಾಲಿನ ಕೆಲಸ. ಜನದ ಓಡಾಟ ಕಡಿಮೆಯಾದ ಮೇಲೆ ಒಂದು ಬೆಳಿಗ್ಗೆ ಟೇಪು, ಅಳತೆಗೋಲು ಹಿಡಿದು ನಾನೊಬ್ಬಳೇ ಹೋದೆ. ಸುತ್ತಿನ ಅಳತೆ ಸರಿಯಾಗಿತ್ತು. ಆಮೇಲೆ ರೂಢಿಯಂತೆ ಸುತ್ತಿಗೂ ಹಿಂದಿನ ಗುರುತನ್ನು ನೋಡುತ್ತ ಬಂದೆ. ಗುಡ್ಡ ಎಡಕ್ಕೆ ಏರುತ್ತದೆ, ಬಲಕ್ಕೆ ಇಳಿಯುತ್ತದೆ. ಎಡಗಾಲಿ ತಾಗಿದ ಕಲ್ಲು ಅಲ್ಲೇ ಇತ್ತು. ಕಲ್ಲಿನಿಂದ ಮುಂದಕ್ಕೆ ಮೂರೂವರೆ ಅಡಿ ಎಡಗಾಲಿಗಳ ಗುರುತೇ ಇರಲಿಲ್ಲ. ಗಾಡಿಯ ಎಡಭಾಗ ಗಾಳಿಯಲ್ಲಿ ಎದ್ದಿತ್ತು. ಆಮೇಲೆ ಗುರುತು ಮತ್ತೆ ಇತ್ತು. ನಾಲ್ಕೂ ಗಾಲಿಗಳ ಗುರುತು, ಒಂದೇ ಸಮ ಆಳ, ನೆಟ್ಟಗೆ, ಹದಿನಾಲ್ಕು ಅಡಿ. ಅದಾದ ಮೇಲೆ ಎಡಕ್ಕೆ ಥಟ್ಟನೆ ತಿರುವು, ಅಲ್ಲಿಂದ ಮುಂದೆ ಗಾಡಿ ಮಗುಚಿದ ಉಜ್ಜು.

ನಾನು ಮೂರು ಸಲ ಅಳೆದೆ. ಅವನ ವೇಗಕ್ಕೆ ಹದಿನಾಲ್ಕು ಅಡಿ ಎಂದರೆ ಮುಕ್ಕಾಲು ಸೆಕೆಂಡು. ಅಷ್ಟು ಹೊತ್ತು ಗಾಡಿ ನಾಲ್ಕೂ ಗಾಲಿಗಳ ಮೇಲೆ ಸರಿಯಾಗಿ ನಿಂತು ಓಡಿತ್ತು. ಅದು ಬೀಳುತ್ತಿರಲಿಲ್ಲ. ಇಳಿಜಾರಿನಲ್ಲಿ ವೇಗವಾಗಿ ಹೋಗುವ ಗಾಡಿಯನ್ನು ಏರಿನ ಕಡೆಗೆ ಥಟ್ಟನೆ ತಿರುಗಿಸಿದರೆ ಅದು ಇಳಿಜಾರಿಗೆ ಮಗುಚಲೇಬೇಕು. ಇದಕ್ಕೆ ನಮ್ಮ ಬಯಲಿನ ವಿಚಿತ್ರ ಯಾವುದೂ ಬೇಕಿಲ್ಲ, ಪದವಿಯ ಮೊದಲ ವರ್ಷದ ಪಾಠ ಸಾಕು. ನಾನು ಜಾಡು ಎಷ್ಟು ದಿನದಲ್ಲಿ ಸುತ್ತುತ್ತದೆ ಎಂದು ಲೆಕ್ಕ ಮಾಡಿದ್ದೆ. ಹ್ಯಾಂಡಲ್ ಹಿಡಿದವನು ಅಷ್ಟರಲ್ಲಿ ಎಲ್ಲಿರುತ್ತಾನೆ ಎಂಬ ಲೆಕ್ಕದ ಹಾಳೆಯನ್ನು ತೆಗೆದೇ ಇರಲಿಲ್ಲ.

ಆ ಬೆಳಿಗ್ಗೆಯೇ ಓಬಳೇಶನ ಮನೆಗೆ ಹೋದೆ. ಹೇಳಿಬಿಡುವ ಉದ್ದೇಶದಿಂದಲೇ ಹೋದೆ. ಅವನು ದಿಂಬಿಗೆ ಒರಗಿದ್ದ.

"ಬನ್ನಿ ಬನ್ನಿ. ಅಳತೆ ಎಷ್ಟು ಬಂತು?"

"ಇಪ್ಪತ್ತೆರಡು ಅಡಿ, ಒಂದು ಬೆರಳು ಕಮ್ಮಿ."

"ಒಂದು ಬೆರಳು ಎಲ್ಲಿ ಹೋಯ್ತು? ಟೈರಿಗೆ ಗಾಳಿ ಕಮ್ಮಿ ಇತ್ತೇನೋ" ಎಂದು ನಕ್ಕ. ನಗುವಾಗ ಸೊಂಟ ನೋಯುತ್ತಿತ್ತು, ಆದರೂ ನಗುತ್ತಿದ್ದ. ಗೋಡೆಯ ತುಂಬ ಮಕ್ಕಳು ಬರೆದ ಸುತ್ತುಗಳು. ಒಂದರಲ್ಲಿ ಸುತ್ತಿನ ನಡುವೆ ಅವನನ್ನು ಕೂರಿಸಿ ತಲೆಗೆ ಕಿರೀಟ ಇಟ್ಟಿದ್ದರು. "ನೋಡಿ, ಇಪ್ಪತ್ತು ವರ್ಷ ಕುರಿ ಕುಂಡಿಗೆ ಚುಚ್ಚಿದ್ದಕ್ಕೆ ಒಬ್ರೂ ಒಂದು ಮಾತು ಹೇಳಿರ್ಲಿಲ್ಲ. ಬಿದ್ದಿದ್ದಕ್ಕೆ ಕಿರೀಟ."

ಕಾಫಿ ತಂದವಳು ಅವನ ಮಗಳು ಪಾಲಾಕ್ಷಿ. ಹತ್ತೊಂಬತ್ತು ವರ್ಷ. ಪಶು ಆಸ್ಪತ್ರೆಯವರು ಅಪ್ಪನ ಕೆಲಸವನ್ನು ಅವಳಿಗೆ ಕೊಡಲು ಒಪ್ಪಿದ್ದರು. ಮಳೆಗಾಲಕ್ಕೆ ಮುಂಚೆ ಹಟ್ಟಿಗಳಿಗೆ ಲಸಿಕೆ ಮುಟ್ಟಬೇಕಿತ್ತು. "ಮುಂದಿನ ಸೋಮವಾರದಿಂದ ತರಬೇತಿಗೆ ಬರ್ತೀನಿ ಮೇಡಂ" ಎಂದಳು.

"ಚಪ್ಪಾಳೆ ಜೋರಾಗಿ ತಟ್ಟಿ ಇವಳಿಗೆ. ಕಿವಿ ಮಂದ, ಅಮ್ಮ ಕರೆದ್ರೆ ಕೇಳಲ್ಲ" ಎಂದ ಓಬಳೇಶ.

ಹೇಳಬೇಕೆಂದಿದ್ದ ಮಾತು ಕಾಫಿಯ ಜೊತೆ ಒಳಗೆ ಹೋಯಿತು. ಆ ಮನುಷ್ಯನಿಗೆ ಉಳಿದಿದ್ದುದು ಆ ಗೋಡೆಯೊಂದೇ. ನೀನು ಬೀಳುತ್ತಿರಲಿಲ್ಲ, ನನ್ನ ಮಾತು ಕೇಳಿದ್ದರಿಂದ ಬಿದ್ದೆ ಎಂದು ಹೇಳಿ ಆ ಹಾಳೆಗಳನ್ನು ಹೇಗೆ ಕೀಳುವುದು? ಇದು ಅವನ ಮೇಲಿನ ಕರುಣೆ ಎಂದು ಮನೆಗೆ ಬರುವ ದಾರಿಯಲ್ಲಿ ಅಂದುಕೊಂಡೆ. ಅದರಲ್ಲಿ ಎಷ್ಟು ಪಾಲು ನನ್ನ ಮೇಲಿನ ಕರುಣೆ ಎಂಬುದು ಮನೆ ತಲುಪುವಷ್ಟರಲ್ಲಿ ಗೊತ್ತಾಗಿತ್ತು.

ಸೋಮವಾರ ಪಾಲಾಕ್ಷಿ ಹೆಲ್ಮೆಟ್ಟು ಹಾಕಿಕೊಂಡೇ ಬಂದಳು. ಗಾಳಿ ನೋಡುವುದು, ಬ್ರೇಕು ನೋಡುವುದು, ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಬಾಗುವುದು ಎಲ್ಲ ಮೊದಲ ದಿನವೇ ಕಲಿತಳು. ಅಪ್ಪನನ್ನು ನೋಡಿ ನೋಡಿ ಅರ್ಧ ಬರುತ್ತಿತ್ತು. ಮಧ್ಯಾಹ್ನ ನಿಂತ ಗಾಡಿಯ ಮೇಲೆ ಕೂರಿಸಿದೆ. ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಕೈ ಎಡಕ್ಕೆ ಹೋಯಿತು. ಮತ್ತೆ ತಟ್ಟಿದೆ. ಅವಳು ಜೋರಾಗಿ ಎಣಿಸುತ್ತಿದ್ದಳು. ಮೂವತ್ತೈದರ ಹೊತ್ತಿಗೆ ಅವಳ ಕೈ ನನ್ನ ಕೈಗಳು ಒಂದಕ್ಕೊಂದು ತಾಗುವ ಮುಂಚೆಯೇ ತಿರುಗಿದಂತೆ ಅನ್ನಿಸಿತು. ಮೂವತ್ತೇಳು ಎಂದಳು. ನಾನು ತಟ್ಟಲಿಲ್ಲ.

ಅವಳು ಸ್ವಲ್ಪ ಹೊತ್ತು ಕಾದು ತಿರುಗಿ ನೋಡಿದಳು. "ಕೈ ನೋವಾ ಮೇಡಂ?"

"ಇಳಿ. ಬೋಳುಗುಡ್ಡಕ್ಕೆ ಹೋಗೋಣ."

"ಅಪ್ಪನ ಸುತ್ತು ನಾನು ಆಗಲೇ ಎರಡು ಸಲ ನೋಡಿದೀನಿ."

"ಸುತ್ತು ನೋಡೋಕಲ್ಲ."

ಅಲ್ಲಿ ನಾನೇನೂ ಹೇಳಲಿಲ್ಲ. ಕಲ್ಲನ್ನು ತೋರಿಸಿ, ಅಲ್ಲಿಂದ ಮುಂದಕ್ಕೆ ಗುರುತನ್ನು ಓದಿಕೊಂಡು ಬಾ ಎಂದೆ. ಜಾಡಿನ ಪಕ್ಕದಲ್ಲೇ ಬಗ್ಗಿ, ಬೆರಳಿನಿಂದ ಆಳ ನೋಡುತ್ತ ನಡೆದಳು. "ಇಲ್ಲಿ ಎಡಗಡೆ ಎದ್ದೈತೆ" ಎಂದಳು. "ಇಲ್ಲಿ ಮತ್ತೆ ಕೂತೈತೆ." ಅಲ್ಲಿಂದ ತಿರುವಿನ ತನಕ ಹೋಗಿ ನಿಂತಳು. ಮತ್ತೆ ಹಿಂದಕ್ಕೆ ಬಂದು ಹದಿನಾಲ್ಕು ಅಡಿಯನ್ನು ಹೆಜ್ಜೆಯಲ್ಲಿ ಅಳೆದಳು. ಆಮೇಲೆ ಹೆಲ್ಮೆಟ್ಟು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಳು.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಎಂಟು ದಿನ ಆಯ್ತು."

"ಎಂಟು ದಿನ." ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡುತ್ತ ಕೂತಿದ್ದಳು. "ಈವತ್ತು ಮೂವತ್ತೇಳು ಸಲ ಮಾಡಿಸಿದ್ರಲ್ಲ ನನ್ನ ಕೈಲಿ."

"ಹೂಂ."

"ನೂರರ ತನಕ ಮಾಡಿಸೋಣ ಅಂತಿದ್ರಾ?"

ನಾನು ಸುಳ್ಳು ಹೇಳಲಿಲ್ಲ. "ಬೆಳಿಗ್ಗೆ ಬರುವಾಗ ಹಾಗೇ ಅಂದುಕೊಂಡಿದ್ದೆ" ಎಂದೆ.

ನಿಯಮ ತೆಗೆಯಬೇಕಾದರೆ ಪಂಚಾಯಿತಿಯಲ್ಲಿ ಕಾರಣ ಹೇಳಬೇಕು, ಕಾರಣ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದೆ. ಅವಳು ಎದ್ದು ನಿಂತಳು. "ಹಂಗಾದ್ರೆ ಮೊದ್ಲು ಅಪ್ಪಂಗೆ ಹೇಳ್ಬೇಕು. ಬೇರೆಯವರ ಬಾಯಿಂದ ಬರಬಾರದು. ನೀವೇ ಹೇಳ್ಬೇಕು, ನಾನು ಪಕ್ಕದಲ್ಲಿ ಇರ್ತೀನಿ."

ಓಬಳೇಶನ ಹಾಸಿಗೆಯ ಪಕ್ಕ ಕೂತು ನಾನು ಮೂರೂವರೆ ಅಡಿ, ಹದಿನಾಲ್ಕು ಅಡಿ ಎಂದು ಹೇಳುತ್ತಿರುವಾಗ ಅವನು ಚಾವಣಿ ನೋಡುತ್ತಿದ್ದ.

"ಮುಕ್ಕಾಲು ಸೆಕೆಂಡಾ?" ಎಂದ ಕೊನೆಗೆ. "ನಂಗೆ ಅದಕ್ಕಿಂತ ಜಾಸ್ತಿ ಅನ್ಸಿತ್ತು. ಗಾಲಿ ನೆಲಕ್ಕೆ ಕೂತಿದ್ದು ಸೀಟಿನಲ್ಲೇ ಗೊತ್ತಾಯ್ತು. ಸದ್ಯ, ಉಳ್ಕೊಂಡೆ ಅಂದ್ಕೊಂಡೆ. ಅಷ್ಟು ಅಂದ್ಕೊಳ್ಳೋಕೆ ಪುರಸೊತ್ತಿತ್ತು. ಆಮೇಲೆ ಕೈ ತಿರುಗಿಬಿಡ್ತು."

ಪಾಲಾಕ್ಷಿ ತಲೆ ಎತ್ತಿದಳು. "ನಿಂಗೆ ಗೊತ್ತಿತ್ತಾ ಅಪ್ಪ?"

"ಬಿದ್ದೋನು ನಾನಲ್ವಾ." ಅವನು ನನ್ನ ಕಡೆ ತಿರುಗಿದ. "ಕಂಬಳಿಯಲ್ಲಿ ಹೊತ್ಕೊಂಡು ಬರುವಾಗ ನಿಮ್ಮನ್ನ ಬೈಕೊಂಡು ಬಂದೆ ಮೇಡಂ. ಬಾಯಿ ತುಂಬ ಬೈದೆ, ಕುರಿಯೋರನ್ನ ಕೇಳಿ ಬೇಕಾದ್ರೆ. ಆಸ್ಪತ್ರೇಲಿ ಕಣ್ಣು ಬಿಟ್ರೆ ಎಲ್ಲರ ಕೈಲೂ ಹೂವು. ಮಾಸ್ತರು ಹಾರ. ಊರು ಉಳಿಸಿದೆ, ಊರು ಉಳಿಸಿದೆ ಅಂತಾರೆ. ಹೌದೇನೋ ಅಂತ ಸುಮ್ನಾದೆ. ಸುಮ್ನೆ ಬಿದ್ದೆ ಅನ್ನೋದಕ್ಕಿಂತ ಅದು ವಾಸಿ ಅಲ್ವಾ?"

"ನನಗೆ ತಿಳಿಸಬೇಕಿತ್ತು" ಎಂದೆ.

"ನೀವು ತಿಳಿಸ್ಲಿಲ್ಲ ಎಂಟು ದಿನ. ನಾನು ಮೂರು ವಾರ ತಿಳಿಸ್ಲಿಲ್ಲ. ಈವತ್ತು ಬೆಳಿಗ್ಗೆ ಇವಳು ಹೊರಟಾಗ ಹೇಳೋಣ ಅಂತ ಬಾಯಿ ತೆಗೆದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡ್ಕೊ ಅಂದೆ ಅಷ್ಟೇ." ಮಗಳು ಅವನ ಬೆನ್ನಿನ ಹಿಂದಿನ ದಿಂಬನ್ನು ಸರಿಮಾಡಿದಳು. ಸರಿಮಾಡಿದ ರೀತಿ ಮೃದುವಾಗಿರಲಿಲ್ಲ.

ಪಂಚಾಯಿತಿಯ ಸಭೆ ಶಾಲೆಯಲ್ಲಿ ಸೇರಿತು. ನಾನು ಹಲಗೆಯ ಮೇಲೆ ನಕ್ಷೆ ಬರೆದು ಎಲ್ಲ ಹೇಳಿದೆ. ಆರನೆಯ ನಿಯಮ ನನ್ನ ತಪ್ಪು, ಅದನ್ನು ತೆಗೆಯಬೇಕು ಎಂದೆ. ಇಳಿಜಾರಿನಲ್ಲಿ ಗಾಡಿ ವಾಲಿದರೆ ಮೈಯನ್ನು ಏರಿನ ಕಡೆ ತೂಗಬೇಕು, ಹ್ಯಾಂಡಲನ್ನು ಮೆಲ್ಲಗೆ ಇಳಿಜಾರಿನ ಕಡೆ ಬಿಡಬೇಕು. ಆಗದಿದ್ದರೆ ಗಾಡಿಯನ್ನು ಅದರ ಪಾಡಿಗೆ ಬಿಟ್ಟು ಏರಿನ ಕಡೆ ಹಾರಿಕೊಳ್ಳಬೇಕು.

ರುದ್ರಮುನಿ ಮಾಸ್ತರರು ಎದ್ದು ಹಲಗೆಯ ಬಳಿಗೆ ಬಂದರು. "ಕೆರೆ ಹೋದಾಗ ನನಗೆ ಒಂಬತ್ತು ವರ್ಷ" ಎಂದರು. "ಎರಡು ಬೇಸಿಗೆ ನಾನೂ ನನ್ನ ತಂಗಿಯೂ ನಾಲ್ಕು ಮೈಲಿಯಿಂದ ನೀರು ಹೊತ್ತೆವು. ಮೂರನೇ ಬೇಸಿಗೆ ಕಾಣೋಕೆ ತಂಗಿ ಇರಲಿಲ್ಲ. ನೀವು ಹೇಳುವ ಲೆಕ್ಕ ಸರಿ ಇರಬಹುದು ವಾರಿಜಾ. ಗಾಡಿ ಅದರ ಪಾಡಿಗೆ ಹೋಗಲಿ ಅಂತೀರಿ. ಅದರ ಜಾಡು ಯಾರ ಪಾಡಿಗೆ ಹೋಗುತ್ತೆ?"

ಆ ಪ್ರಶ್ನೆ ನ್ಯಾಯವಾದದ್ದೇ. ಆಗ ಹಿಂದಿನ ಬೆಂಚಿನಿಂದ ಮಾರಕ್ಕ ಎದ್ದಳು.

"ಈ ಸಭೇಲಿ ಮನೆಯೊಳಗೆ ಜಾಡು ಇಟ್ಕೊಂಡಿರೋಳು ನಾನೊಬ್ಬಳೇ. ನಾನು ಮಂಚ ಸರಿಸ್ದೆ ಮೇಷ್ಟ್ರೆ. ಓಬಳೇಶನ ಸೊಂಟನ ಎಲ್ಲಿಗೆ ಸರಿಸ್ತೀರ?"

"ಕೆರೆ ಸರಿಸೋಕಾಗುತ್ತಾ ಮಾರಕ್ಕ?"

"ಇಲ್ಲ. ಅದ್ಕೇ ಅದು ಬರೋ ಮುಂಚೆ ಹೋಗಿ ಕೂಡಿಸ್ಬೇಕು. ಗಂಟೆಗೊಂದು ಗೇಣು ಬರುತ್ತೆ ಅದು, ರೈಲಲ್ಲ. ಆವಾಗ ಆ ಸತ್ತೋನು ಒಬ್ಬನೇ ಹೋಗಿದ್ದ, ಬಿದ್ದಿದ್ದು ಯಾರಿಗೂ ಗೊತ್ತಾಗ್ಲಿಲ್ಲ, ಅದು ತಪ್ಪು. ಹ್ಯಾಂಡಲಿಂದಲ್ಲ."

ಓಬಳೇಶನನ್ನು ಕುರ್ಚಿಯಲ್ಲಿ ಕೂರಿಸಿ ತಂದಿದ್ದರು. ಅವನು ಕೂತಲ್ಲಿಂದಲೇ ಹೇಳಿದ. "ಆ ಸುತ್ತು ನಾನು ಹಾಕಿದ್ದಲ್ಲ. ನನ್ನ ಕೈ ಹಾಕಿದ್ದು. ನನ್ನನ್ನ ಕೇಳಿದ್ರೆ ನಾನು ಮನೆಗೆ ಬರ್ತಿದ್ದೆ." ಆಮೇಲೆ, "ಹಾರ ಬಾಡೋಗೈತೆ ಮೇಷ್ಟ್ರೆ, ವಾಪಸ್ ಕೇಳ್ಬೇಡಿ" ಎಂದ. ಒಂದಿಬ್ಬರು ನಕ್ಕರು. ಮಾಸ್ತರರೂ ಕೊನೆಗೆ ಮೂಗಿನ ಕೆಳಗೆ ಸ್ವಲ್ಪ ನಕ್ಕರು.

ಸಭೆ ಮುಗಿಯುವ ಹೊತ್ತಿಗೆ ಒಂದು ವರ್ಷದ ಮಟ್ಟಿಗೆ ಆರನೆಯ ನಿಯಮವನ್ನು ತೆಗೆಯಲು ಒಪ್ಪಿದರು. ಅದರ ಬದಲು, ಹಳೆಯ ಜಾಡು ಬಿಟ್ಟು ಇಳಿಯುವವರು ಯಾರೇ ಆಗಲಿ ಒಂಟಿಯಾಗಿ ಹೋಗಕೂಡದು. ಎರಡು ಗಾಡಿ, ನಡುವೆ ಐವತ್ತು ಅಡಿ ಅಂತರ, ಹಿಂದಿನ ಗಾಡಿಯಲ್ಲಿ ಹಗ್ಗ ಮತ್ತು, ಗಾಲಿ ಕಳಚಿದರೆ ಅದನ್ನೇ ಮತ್ತೆ ಸಿಕ್ಕಿಸಲು, ಒಂದು ಬದಲಿ ಅಚ್ಚು. ಮುಂದಿನವರು ಬಿದ್ದರೆ ಹಿಂದಿನವರು ಅವರ ಗಾಡಿಯನ್ನು ಎತ್ತಿ, ಕಟ್ಟಿ, ಎಳೆದು ಜಾಡು ಕೂಡಿಸಬೇಕು. ಒಪ್ಪಿಗೆಯಾದ ಮೇಲೆ ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ, "ಲಸಿಕೆ ಗಾಡಿಯ ಹಿಂದೆ ಹೋಗೋದು ಯಾರು?" ಎಂದರು. ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಹದಿನೆಂಟು ಹಟ್ಟಿ ಎಂದರೆ ಹದಿನೆಂಟು ದಿನ. ನಾನು ಕೈ ಎತ್ತಿದೆ. ಹನ್ನೆರಡು ವರ್ಷದಲ್ಲಿ ನಾನು ಬಯಲಿಗೆ ಹೋದದ್ದೆಲ್ಲ ಯಾವುದಾದರೂ ಆಗಿಹೋದ ಮೇಲೆ, ಟೇಪು ಹಿಡಿದು. ಆಗುವ ಮುಂಚೆ ಹೋದವಳಲ್ಲ.

ಪಾಲಾಕ್ಷಿಯ ಎಡಕ್ಕೆ ತಿರುಗುವ ಕೈಯನ್ನು ಮರೆಸುವುದಕ್ಕೆ ಆರು ದಿನ ಹಿಡಿಯಿತು. ಚಪ್ಪಾಳೆ ತಟ್ಟಿದರೆ ಈಗ ಅವಳು ಸೀಟಿನಿಂದ ಏರಿನ ಕಡೆ ಹಾರಬೇಕಿತ್ತು. ಹುಲ್ಲು ಹಾಸಿದ ದಿಬ್ಬದ ಮೇಲೆ ನೂರಾರು ಸಲ ಹಾರಿದಳು. ಮೊಣಕೈ ತರಚಿತು. "ನಿಮ್ಮನ್ನ ನಂಬಿದ್ರೆ ಹೊಸ ಹೊಸ ಕಡೆ ಗಾಯ ಆಗುತ್ತೆ ಮೇಡಂ" ಎಂದಳು. ಅವಳು ನನ್ನನ್ನು ಪೂರ್ತಿ ಕ್ಷಮಿಸಿದ್ದಳೆಂದು ನಾನು ಹೇಳಲಾರೆ. ನನ್ನ ಮುಂದೆ ಓಡಿಸಲು ಒಪ್ಪಿದ್ದಳು.

ಮೇ ತಿಂಗಳ ಎರಡನೆಯ ವಾರ, ಹನ್ನೊಂದನೆಯ ಹಟ್ಟಿಗೆ ಹೋಗುತ್ತಿದ್ದೆವು. ಅವಳು ಮುಂದೆ, ನಾನು ಹಿಂದೆ. ಒಣಹಳ್ಳದ ದಂಡೆಯಲ್ಲಿ ಅಡ್ಡ ಹಾದುಹೋಗುವಾಗ ಅವಳ ಬಲಗಾಲಿಯ ಕೆಳಗಿನ ಮಣ್ಣು ಒಮ್ಮೆಲೇ ಜಗ್ಗಿತು. ಗಾಡಿ ಹಳ್ಳದ ಕಡೆಗೆ ವಾಲಿತು. ಅವಳ ಕೈಗಳು ಹ್ಯಾಂಡಲಿನಿಂದ ಏಳುವುದು ಕಂಡಿತು. ಮರುಕ್ಷಣ ಅಲ್ಲೆಲ್ಲ ದೂಳು. ದೂಳಿನೊಳಗಿಂದ ಗಾಡಿಯೊಂದೇ ಹೊರಬಂದು, ದಂಡೆಯ ಉದ್ದಕ್ಕೂ ನೆಟ್ಟಗೆ ಮೂವತ್ತು ಅಡಿ ಉರುಳಿ, ಬಂಡೆಗೆ ಬಡಿದು ನಿಂತಿತು. ಮುಂದಿನ ಗಾಲಿಯೊಂದು ಕಿತ್ತುಕೊಂಡು ಹಳ್ಳಕ್ಕೆ ಹೋಯಿತು.

ನಾನು ಇಳಿದು ಓಡಿದೆ. ಎಲ್ಲಿಗೆ ಓಡಿದೆ ಎಂಬುದನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಬರವಣಿಗೆಗೆ ಅರ್ಥವಿಲ್ಲ. ಬಂಡೆಯ ಕಡೆಗೆ ಓಡಿದೆ. ಜಾಡಿನ ತುದಿಯ ಮುಂದೆ ಮಂಡಿಯೂರಿ, ಜೇಬಿನಿಂದ ದಿಕ್ಸೂಚಿ ತೆಗೆದು ಹಿಡಿದೆ. ಪಶ್ಚಿಮ, ಎರಡು ಡಿಗ್ರಿ ದಕ್ಷಿಣ. ನೇರ ಊರಿಗೆ. ಐದು ಮೈಲಿ ಎಂದರೆ ನಾಲ್ಕು ವರ್ಷ ಎಂದು ತಲೆ ತಾನೇ ಲೆಕ್ಕ ಮಾಡುತ್ತಿತ್ತು.

"ಮೇಡಂ" ಎಂದು ಮೇಲಿನಿಂದ ದನಿ ಬಂತು. ಸಿಟ್ಟಿನ ದನಿಯಲ್ಲ. "ನಾನು ಈ ಕಡೆ ಇದೀನಿ."

ದಂಡೆಯ ಏರಿನಲ್ಲಿ, ಲಂಟಾನ ಪೊದೆಯ ಪಕ್ಕ, ಕಾಲು ಚಾಚಿ ಕೂತಿದ್ದಳು. ಹೆಲ್ಮೆಟ್ಟಿನ ಮುಖದ ಗಾಜು ಪೂರ್ತಿ ದೂಳು. ನಾನು ಹತ್ತಿ ಹೋಗಿ ಅದನ್ನು ಎತ್ತಿದೆ. ಒಳಗೆ ಅವಳ ಮುಖ ಸರಿಯಾಗಿತ್ತು, ಬಿಳಿಚಿಕೊಂಡಿತ್ತು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು.

"ಜಾಡು ಊರ ಕಡೆಗಾ?"

"ಹೌದು."

"ಗಾಲಿ ಹಳ್ಳಕ್ಕೆ ಹೋಯ್ತಲ್ಲ, ಅದನ್ನೇ ಹುಡುಕಿ ತರ್ಬೇಕು. ಈವತ್ತು ಕೂಡಿಸೋಕಾಗಲ್ಲ."

"ಹೋಗ್ಲಿ ಬಿಡು. ನಾಳೆ ಬರ್ತೀವಿ, ನಾಡಿದ್ದು ಬರ್ತೀವಿ. ಕೈಗವಸು ತೆಗಿ. ಬೆರಳು ಮಡಚು ನೋಡೋಣ, ಒಂದೊಂದೇ."

ಅವಳು ಹೆಬ್ಬೆರಳು ಮಡಚಿದಳು. ತೋರುಬೆರಳು ಮಡಚಿದಳು. ನಡುಬೆರಳಿಗೆ ಮುಖ ಕಿವುಚಿ ಒಂದು ಗಳಿಗೆ ತಡೆದು, ಅದನ್ನೂ ಮಡಚಿದಳು. ನಾನು ಎಣಿಸುತ್ತ ಕೂತೆ.